ವೋಲ್ಟು, ಆಂಪಿಯರು ಮತ್ತು ಮಾನವ ದೇಹ

ಮುಂಬಯಿ ದ್ವೀಪನಗರಕ್ಕೆ ವಿದ್ಯುತ್ತನ್ನು ಹಂಚುವ ‘ಬೆಸ್ಟ್’ ಸಂಸ್ಥೆಯ ಎಲ್ಲೆ ಉತ್ತರದಲ್ಲಿ ಮಾಹಿಮ್ ಮತ್ತು ಸಯನ್‌ಗಳಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ಉಪನಗರಗಳಲ್ಲಿ ಬೇರೆ ಕಂಪೆನಿಗಳ ತಂತಿ, ಬೇರೆ ಬಿಲ್ಲು. ಆದರೆ ಗೋಡೆಯ ಸಾಕೆಟ್ಟಿನಲ್ಲಿರುವುದು ಎಲ್ಲೆಯ ಈಚೆಗೂ ಆಚೆಗೂ ಅದೇ 230 ವೋಲ್ಟು. ಬಿಲ್ಲಿನ ಮೊತ್ತವನ್ನು ಎರಡೆರಡು ಸಲ ಕೂಡಿ ನೋಡುವ ಗೃಹಸ್ಥರು ಕೂಡ ಈ 230ರ ಲೆಕ್ಕವನ್ನು ಮಾಡಿ ನೋಡುವುದು ಅಪರೂಪ. ಅದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರಗಳಷ್ಟೆ; ಅದರಿಂದ ತಿಳಿದುಬರುವುದಾದರೋ ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಕಟ್ಟಡದ ಮಾಳಿಗೆಯ ಮೇಲೊಂದು ನೀರಿನ ಟಾಂಕಿಯನ್ನು ನೆನೆಯೋಣ. ಟಾಂಕಿ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ಒತ್ತಡ ಹೆಚ್ಚು. ಕೊಳವೆ ಕಿರಿದಾದಷ್ಟೂ ಹರಿಯುವ ನೀರು ಕಡಿಮೆ. ವಿದ್ಯುತ್ತಿನಲ್ಲಿ ಈ ಒತ್ತಡವೇ ವೋಲ್ಟು, ಹರಿವೇ ಆಂಪಿಯರು, ಹರಿವಿಗೆ ಬರುವ ಅಡ್ಡಿಯೇ ರೋಧ. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಅದರ ಅಳತೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ದೊರೆಯುವುದು ಸಾಮರ್ಥ್ಯ, ಅಂದರೆ ವಾಟು. ಇಸ್ತ್ರಿ ಪೆಟ್ಟಿಗೆಯೊಂದು 230 ವೋಲ್ಟಿನಲ್ಲಿ 4.35 ಆಂಪಿಯರನ್ನು ಎಳೆದುಕೊಳ್ಳುತ್ತದೆಯೆನ್ನೋಣ. ಭಾಗಿಸಿದರೆ ಅದರ ರೋಧ ಸುಮಾರು 53 ಓಮ್. ಗುಣಿಸಿದರೆ ಸಾಮರ್ಥ್ಯ ಸುಮಾರು 1000 ವಾಟು. ಒಂದು ಗಂಟೆ ಉರಿದರೆ ಮೀಟರಿನಲ್ಲಿ ಒಂದು ಯೂನಿಟ್ಟು. (ಮೋಟಾರು ಇರುವ ಫ್ಯಾನು, ಫ್ರಿಜ್ಜುಗಳಿಗೆ ಈ ಗುಣಾಕಾರ ಹೀಗೆಯೇ ಒಪ್ಪುವುದಿಲ್ಲ, ಅಲ್ಲಿ ವಾಟು ಗುಣಲಬ್ಧಕ್ಕಿಂತ ಕಡಿಮೆ.)

ಇದೇ ಲೆಕ್ಕದ ಇನ್ನೊಂದು ಮುಖ ಶಾಖದ್ದು. ತಂತಿಯಲ್ಲಿ ಹುಟ್ಟುವ ಶಾಖ ಹರಿವಿನ ವರ್ಗವನ್ನು ಅನುಸರಿಸುತ್ತದೆ: ಹರಿವು ಮೂರು ಪಾಲಾದರೆ ಶಾಖ ಒಂಬತ್ತು ಪಾಲು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ ಹತ್ತಾರು ಸಾವಿರ ವೋಲ್ಟುಗಳ ಒತ್ತಡವನ್ನು ಬಳಸಿದ್ದು ಇದಕ್ಕಾಗಿಯೇ. ಒತ್ತಡ ಏರಿದರೆ ಅದೇ ಸಾಮರ್ಥ್ಯಕ್ಕೆ ಕಡಿಮೆ ಹರಿವು ಸಾಕು. ದಾರಿಯಲ್ಲಿ ತಂತಿ ಕಾಯುವುದು ತಪ್ಪುತ್ತದೆ. ಮನೆಯಲ್ಲಿ ಈ ಉಪಾಯಕ್ಕೆ ಅವಕಾಶವಿಲ್ಲ. 3000 ವಾಟಿನ ತತ್‌ಕ್ಷಣದ ಗೀಸರು 13 ಆಂಪಿಯರನ್ನು ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ಹೇಗೋ ಹೊಂದಿಸಿದರೆ, ಸಡಿಲವಾದ ಪಿನ್ನಿನಲ್ಲಿ ಅರ್ಧ ಓಮಿನಷ್ಟು ರೋಧವಿದ್ದರೂ ಆ ಒಂದೇ ಜಾಗದಲ್ಲಿ ಸುಮಾರು 85 ವಾಟಿನ ಶಾಖ ಹುಟ್ಟುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನ ಬಿಸಿಯನ್ನು ಕಡಲೆಕಾಳಿನಷ್ಟು ಜಾಗದಲ್ಲಿ ಅಡಗಿಸಿದಂತೆ. ಪ್ಲಗ್ಗು ಕಂದುಗಟ್ಟುವುದು, ಸುಟ್ಟ ವಾಸನೆ ಬರುವುದು ಈ ಶಾಖದ ಮೊದಲ ಸೂಚನೆ.

ಇನ್ನು ದೇಹದ ಲೆಕ್ಕ. ಮನುಷ್ಯನ ದೇಹವೂ ಒಂದು ರೋಧವೇ. ಗಾಯವಿಲ್ಲದ ಒಣಚರ್ಮದ ರೋಧ ಒಂದು ಲಕ್ಷ ಓಮಿನವರೆಗೂ ಇರಬಲ್ಲುದು. 230ನ್ನು ಅದರಿಂದ ಭಾಗಿಸಿದರೆ ಆಂಪಿಯರಿನ ಸಾವಿರದ ಎರಡು ಮೂರು ಪಾಲು, ಅಂದರೆ ಎರಡು ಮೂರು ಮಿಲಿಆಂಪಿಯರು. ಜುಮ್ಮೆನ್ನಿಸಿ ಬಿಡುತ್ತದೆ. ಆದರೆ ಈ ಒತ್ತಡದೆದುರು ಒಣಚರ್ಮದ ತಡೆಯೂ ಬೇಗ ಕುಸಿಯುವುದರಿಂದ ಅದನ್ನು ನೆಚ್ಚುವಂತಿಲ್ಲ. ಸ್ನಾನ ಮಾಡುತ್ತಿರುವ, ಮೋರಿಯಲ್ಲಿ ಬಟ್ಟೆ ಒಗೆಯುತ್ತಿರುವ, ಮಳೆಯ ನೀರು ನುಗ್ಗಿದ ಖೋಲಿಯಲ್ಲಿ ಬರಿಗಾಲಲ್ಲಿ ನಿಂತ ದೇಹದ ರೋಧ ಒಂದು ಸಾವಿರ ಓಮಿಗೆ ಇಳಿಯುತ್ತದೆ. ಆಗ ಹರಿಯುವುದು 230 ಮಿಲಿಆಂಪಿಯರು. ಹತ್ತು ಹದಿನೈದರಲ್ಲೇ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದು. ಇನ್ನೂ ಏರಿದರೆ ಉಸಿರಾಟ ಕಟ್ಟುತ್ತದೆ. ಐವತ್ತು ನೂರನ್ನು ಮುಟ್ಟಿದರೆ ಹೃದಯ ಲಯತಪ್ಪಿ ಅದುರತೊಡಗಿ, ರಕ್ತವನ್ನು ನೂಕಲಾರದೆ ಹೋಗಬಹುದು.

ಫ್ಯೂಸು ಇದೆಯಲ್ಲ ಎಂಬ ಧೈರ್ಯ ಬಹುಮಂದಿಗೆ. 6 ಆಂಪಿಯರಿನ ಫ್ಯೂಸಾಗಲಿ, ಇಂದಿನ ಎಂಸಿಬಿಯಾಗಲಿ ಈ 230 ಮಿಲಿಆಂಪಿಯರನ್ನು ಗಮನಿಸುವುದೇ ಇಲ್ಲ. ಅದು ತನ್ನ ಮಿತಿಯ ಇಪ್ಪತ್ತಾರನೆಯ ಒಂದು ಪಾಲು! ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವವು ಎರಡು. ಮೊದಲನೆಯದು ಭೂಸಂಪರ್ಕ, ರೂಢಿಯಲ್ಲಿ ಅರ್ಥಿಂಗ್. ಗೀಸರಿನ ಒಳತಂತಿ ಕಳಚಿ ಲೋಹದ ಮೈಗೆ ತಗುಲಿತೆನ್ನೋಣ. ಭೂಮಿಯ ದಾರಿಯ ರೋಧ 2 ಓಮ್ ಇದ್ದರೆ 115 ಆಂಪಿಯರು ಹರಿದು ಎಂಸಿಬಿ ಒಡನೆ ಕಳಚಿಕೊಳ್ಳುತ್ತದೆ. ಆ ದಾರಿ ತುಕ್ಕು ಹಿಡಿದು 100 ಓಮ್ ಆಗಿದ್ದರೆ ಹರಿಯುವುದು 2.3 ಆಂಪಿಯರು ಮಾತ್ರ. ಎಂಸಿಬಿ ಸುಮ್ಮನಿರುತ್ತದೆ, ಗೀಸರಿನ ಮೈಯಲ್ಲಿ ವಿದ್ಯುತ್ತು ಹಾಗೆಯೇ ನಿಂತಿರುತ್ತದೆ. ಹಳೆಯ ಕಟ್ಟಡಗಳಲ್ಲಿ ಈ ತಂತಿಯನ್ನು ನೀರಿನ ಕಬ್ಬಿಣದ ಕೊಳವೆಗೆ ಸುತ್ತಿ ಬಿಡುವ ವಾಡಿಕೆಯಿತ್ತು. ರಿಪೇರಿಯಲ್ಲಿ ಕೊಳವೆ ಪ್ಲಾಸ್ಟಿಕ್ಕಿನದಾದರೆ ಭೂಸಂಪರ್ಕ ಯಾರಿಗೂ ತಿಳಿಯದಂತೆ ಕಡಿದುಹೋಗುತ್ತದೆ. ಪ್ಲಂಬರನಿಗೆ ಅದು ತನ್ನ ಕೆಲಸವಲ್ಲ, ಗೃಹಸ್ಥನಿಗೆ ಅದು ಕಾಣುವುದಿಲ್ಲ.

ಎರಡನೆಯದು ಆರ್‌ಸಿಸಿಬಿ ಎಂಬ ಸಾಧನ. ಹೋದ ಹರಿವು, ಮರಳಿದ ಹರಿವು ಇವುಗಳನ್ನು ಅದು ಸದಾ ತೂಗಿ ನೋಡುತ್ತದೆ. 30 ಮಿಲಿಆಂಪಿಯರಿನಷ್ಟು ಅಡ್ಡದಾರಿ ಹಿಡಿದರೂ ಸೆಕೆಂಡಿನ ಅಲ್ಪಾಂಶದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದವನನ್ನು ಮಾತ್ರ ಅದು ಕಾಯಲಾರದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು; ಬಾಡಿಗೆಯ ಖೋಲಿಗಳವರು ಅದು ಇದೆಯೇ ಎಂಬುದನ್ನೇ ಮೊದಲು ನೋಡಿಕೊಳ್ಳಬೇಕು.

ಆಘಾತವಾಗಿಯೇ ಬಿಟ್ಟರೆ ಬಿದ್ದವರನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಉಸಿರಿಲ್ಲವಾದರೆ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೂ ಮಿಕ್ಕು ಸಲ ಒತ್ತುತ್ತಾ 108ಕ್ಕೆ ಕರೆ ಮಾಡಿಸಬೇಕು. ಪ್ರಜ್ಞೆ ತಪ್ಪಿ ಎಚ್ಚೆತ್ತವರನ್ನೂ, ಎದೆನೋವೆನ್ನುವವರನ್ನೂ, ಚರ್ಮದ ಮೇಲೆ ಸಣ್ಣ ಸುಟ್ಟ ಗುರುತು ಉಳಿದವರನ್ನೂ ಮನೆಯಲ್ಲೇ ಮಲಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಸಯನ್‌ನವರಿಗೆ ಲೋಕಮಾನ್ಯ ತಿಲಕ್ ಆಸ್ಪತ್ರೆ ಸಮೀಪದಲ್ಲೇ ಇದೆ. ಹೊರಗೆ ಅಂಗುಲದಷ್ಟೂ ಇಲ್ಲದ ಸುಟ್ಟ ಗಾಯ ಒಳಗಿನ ಸ್ನಾಯುವಿನಲ್ಲಿ ಬಹುದೂರ ಹೋಗಿರಬಹುದು.