ಓಟಿಪಿ ಬತ್ತಿಲ್ಲೆ ಮರ್ರೆ

ಗ್ರಾಮ ಒನ್ ಕೌಂಟರಿನ ಹುಡುಗ ಪರದೆಯಿಂದ ತಲೆ ಎತ್ತಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ: "ಓಟಿಪಿ ಬತ್ತಿಲ್ಲೆ ಮರ್ರೆ." ಎದುರಿಗೆ ಕೂತ ಅಜ್ಜಿಯ ಕೈಯಲ್ಲಿ ಫೋನೇ ಇಲ್ಲ. ಆಧಾರಿಗೆ ಜೋಡಿಸಿದ್ದು ಮಗನ ನಂಬರು. ಮಗ ಮುಂಬೈಯ ಹೋಟೆಲಿನಲ್ಲಿ. ಮಧ್ಯಾಹ್ನ ಊಟದ ಗಿರಾಕಿ ಕರಗುವ ತನಕ ಅವನು ಫೋನು ಎತ್ತುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಕೌಂಟರಿಗೆ ಹೋದರೂ ಈ ದೃಶ್ಯ ಹೊಸದಲ್ಲ.

ಸೇವಾ ಸಿಂಧು, ನಾಡಕಚೇರಿ, ಭೂಮಿ ಎಂಬ ಸರ್ಕಾರಿ ಜಾಲತಾಣಗಳೆಲ್ಲವೂ ಕನ್ನಡದಲ್ಲಿವೆ. ಆದರೆ ಅದು ಯಾರ ಕನ್ನಡ? 'ಹೋಗಬೇಕು' ಎಂಬುದನ್ನು 'ಹೋಯ್ಕ್' ಎಂದು ಒಂದೇ ಉಸಿರಿಗೆ ಮುಗಿಸುವ ಊರಿನವರಿಗೆ ಪರದೆ ಹೇಳುತ್ತದೆ: 'ಅರ್ಜಿದಾರರ ವಿವರಗಳನ್ನು ನಮೂದಿಸಿ'. ಹುಡುಗ ಅದನ್ನು "ನಿಮ್ ಹೆಸ್ರ್ ಹೇಳಿ" ಎಂದು ಇಳಿಸಿಕೊಡುತ್ತಾನೆ. ಗಂಗೊಳ್ಳಿಯ ಖಾರ್ವಿಯವರು ಬಂದರೆ ಕೊಂಕಣಿ, ಬ್ರಹ್ಮಾವರದಲ್ಲಾದರೆ ತುಳುವೂ ಬೇಕು. ಅವನ ಕೆಲಸದ ಹೆಸರಿನಲ್ಲಿ ಅನುವಾದಕ ಎಂದು ಎಲ್ಲೂ ಇಲ್ಲ.

ಭಾಷೆ ನಿಜವಾಗಿ ತೊಡರುವುದು ಜಾಗದ ಕಾಗದದಲ್ಲಿ. ಇಲ್ಲಿನವರ ಗದ್ದೆ ಬೈಲು, ಮಜಲು, ಬೆಟ್ಟು. ಪಹಣಿಯದ್ದು ತರಿ, ಖುಷ್ಕಿ, ಬಾಗಾಯ್ತು. 1956ರವರೆಗೆ ಈ ನೆಲ ಮದ್ರಾಸಿನದಾಗಿತ್ತು; ವರ್ಗ, ಕುಮ್ಕಿ, ಮೂಲಗೇಣಿ ಎಂಬ ಮಾತುಗಳು ಆಗಿನಿಂದಲೂ ಬಾಯಲ್ಲಿವೆ. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ಅರ್ಜಿ ಕೊಟ್ಟರು, 'ಡಿಕ್ಲರೇಷನ್ ಜಾಗ' ಎಂಬ ಹೊಸ ಕನ್ನಡವೇ ಹುಟ್ಟಿತು. ಹೆಸರಿನ ಕಥೆ ಇನ್ನೊಂದು. ಪಹಣಿಯಲ್ಲಿ ಬರೇ 'ಮಂಜ', ಆಧಾರಿನಲ್ಲಿ 'ಮಂಜುನಾಥ ಶೆಟ್ಟಿ'. ಇಬ್ಬರೂ ಒಬ್ಬರೇ ಎಂದು ಊರಿನ ಉಗ್ರಾಣಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಸರ್ಕಾರದ ಭಾಷೆಗೂ ಜನರ ಭಾಷೆಗೂ ನಡುವಿನ ಈ ತೊಡರು ನಮ್ಮದೊಂದೇ ಅಲ್ಲ. ಅಮೆರಿಕದ ಒಕ್ಕೂಟ ಸರ್ಕಾರ 2003ರಲ್ಲಿ ಸ್ಪ್ಯಾನಿಷ್ ಭಾಷಿಕರಿಗೆಂದೇ ಮಾಹಿತಿ ಜಾಲತಾಣ ತೆರೆಯಿತು. ಫೋನಿನಲ್ಲಿ ಸ್ಪ್ಯಾನಿಷಿನಲ್ಲೇ ಉತ್ತರಿಸುವವರನ್ನೂ ಇಟ್ಟಿತು. ನನಗೆ ಜಾಲತಾಣಕ್ಕಿಂತ ಆ ಫೋನೇ ದೊಡ್ಡದಾಗಿ ಕಾಣುತ್ತದೆ. ಮೆಕ್ಸಿಕೊದವರ ಸ್ಪ್ಯಾನಿಷ್ ಬೇರೆ, ಪೋರ್ಟೊರಿಕೊದವರದು ಬೇರೆ. ಅಚ್ಚಿನ ವಾಕ್ಯ ಅರ್ಥವಾಗದಿದ್ದರೆ ತಿರುಗಿ ಕೇಳಲು ಒಬ್ಬ ಮನುಷ್ಯ ಬೇಕು. (ಇಂಗ್ಲಿಷ್ ಬಾರದವರಿಗೂ ಸೇವೆ ತಲುಪಬೇಕೆಂಬ 2000ದ ಅಧ್ಯಕ್ಷರ ಆದೇಶವನ್ನು 2025ರಲ್ಲಿ ಹಿಂತೆಗೆದುಕೊಂಡರು. ಕೊಟ್ಟ ಭಾಷೆಯನ್ನು ಕಸಿಯುವುದಕ್ಕೂ ಒಂದು ಸಹಿ ಸಾಕು.) ನಮ್ಮಲ್ಲಿ 2022ರಲ್ಲಿ ಬಂದ ಕೇಂದ್ರ ಸರ್ಕಾರದ ಅನುವಾದ ವೇದಿಕೆ 'ಭಾಷಿಣಿ' ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳನ್ನು ಮುಂದಿಟ್ಟುಕೊಂಡು ಹೊರಟಿತು. ಅದರಲ್ಲಿ ಕೊಂಕಣಿ ಇದೆ. ತುಳು ಆ ಪರಿಚ್ಛೇದದಲ್ಲಿಲ್ಲ. ಕುಂದಾಪ್ರ ಕನ್ನಡ ಕನ್ನಡದ ಲೆಕ್ಕಕ್ಕೇ ಸೇರಿಹೋಗುತ್ತದೆ. ಆಸಾಡಿ ಅಮಾಸೆಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಮಾಡಿ ಸಂಭ್ರಮಿಸುತ್ತೇವೆ. ಮರುದಿನ ಅರ್ಜಿ ತುಂಬುವಾಗ ಆ ಭಾಷೆ ಕೌಂಟರಿನ ಈಚೆಗೇ ನಿಲ್ಲುತ್ತದೆ.

ಸಂಜೆ ನಾಲ್ಕಕ್ಕೆ ಮಗ ಫೋನು ಎತ್ತಿದ. ಆರು ಅಂಕಿ ಮುಂಬೈಯಿಂದ ಬಂತು. ಹುಡುಗ ಪಹಣಿ ಮುದ್ರಿಸಿ ಕೊಟ್ಟ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ನಮ್ ಕುಮ್ಕಿ ಎಲ್ಲಿತ್?"

ವರ್ಗ ಜಾಗದಿಂದ ನೂರು ಗಜದೊಳಗಿನ ಸರ್ಕಾರಿ ನೆಲವನ್ನು ಸೊಪ್ಪು, ಸೌದೆಗೆ ಬಳಸುವ ಹಕ್ಕು ಅದು. ನೆಲ ಮಾತ್ರ ಸರ್ಕಾರದ ಹೆಸರಿನಲ್ಲೇ ಇರುತ್ತದೆ. ಹುಡುಗ ಕುರ್ಚಿ ಹಿಂದೆ ಸರಿಸಿ ಎದ್ದು, ಹೊರಗೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತ. "ಕಾಣಿ ಅಜ್ಜಿ..." ಎಂದು ಶುರುಮಾಡಿದ.