ಆನ್‌ಲೈನ್ ತರಗತಿ ಯಾರಿಗೆ ಒಗ್ಗುತ್ತದೆ? ಕಾಸರಗೋಡಿನ ಕನ್ನಡ ತರಗತಿಯ ನೆಲೆಯಿಂದ

ಆನ್‌ಲೈನ್ ತರಗತಿ ಒಳ್ಳೆಯದೋ ಕೆಟ್ಟದೋ ಅಂತ ನಾವು ಬಹಳ ಸಲ ಚರ್ಚಿಸಿದ್ದೇವೆ. ಯಾವ ವಿದ್ಯಾರ್ಥಿಗೆ, ಯಾವ ಪಾಠಕ್ಕೆ ಒಳ್ಳೆಯದು ಎಂಬುದು ನನ್ನ ಪ್ರಶ್ನೆ. ಕಾಸರಗೋಡಿನ ಮಟ್ಟಿಗೆ ಉತ್ತರದ ದೊಡ್ಡ ಪಾಲು ವಿದ್ಯಾರ್ಥಿಯ ಮನೆಮಾತಿನಲ್ಲಿದೆ ಎಂದು ನನಗನಿಸುತ್ತದೆ.

2020ರ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳನ್ನು ಬೇರೆಯಾಗಿ ತಯಾರಿಸಿ ಯೂಟ್ಯೂಬಿನಲ್ಲಿ ಕೊಡಲಾಯಿತು. ಟಿವಿ ಪಾಠಕ್ಕೆ ಡೇಟಾ ಬೇಡ, ಆದರೆ ನಡುವೆ ನಿಲ್ಲಿಸಲಾಗದು. ಯೂಟ್ಯೂಬಿಗೆ ಫೋನೂ ನೆಟ್‌ವರ್ಕೂ ಬೇಕು, ಆದರೆ ಹಿಂದೆ ಸರಿಸಿ ಎಷ್ಟು ಸಲ ಬೇಕಾದರೂ ಕೇಳಬಹುದು. ನಿಧಾನವಾಗಿ ಕಲಿಯುವವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ನಮ್ಮಲ್ಲಿ ಕನ್ನಡ ಮಾಧ್ಯಮದ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಂ ಎಲ್ಲವೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಕನ್ನಡ ಮನೆಮಾತಾದರೂ ಅದು ಹವ್ಯಕ ಕನ್ನಡ ಆಗಿರಬಹುದು. 'ಇರುವೆ' ಅಂದಾಗ ಮಗು ಕಣ್ಣು ಕಣ್ಣು ಬಿಟ್ಟರೆ ಟೀಚರ್ 'ಪಿಜಿನ್' ಅಂತಾರೆ, ಅಲ್ಲಿಗೆ ಮುಗಿಯಿತು. ರೆಕಾರ್ಡ್ ಮಾಡಿದ ಪಾಠಕ್ಕೆ ಮಗುವಿನ ಮುಖ ಕಾಣುವುದಿಲ್ಲ. ಅರ್ಥವಾಗದ ಮಾತನ್ನು ಹತ್ತು ಸಲ ಕೇಳಿದರೂ ಅದು ಅದೇ ಮಾತು.

ಎಂ.ಎ. ತರಗತಿಯಲ್ಲೂ ಇದನ್ನೇ ಕಂಡೆ. ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ನಾನು ಕಲಿತದ್ದು ರೆಕಾರ್ಡಿಂಗ್ ನಿಲ್ಲಿಸಿ ನಿಲ್ಲಿಸಿ ನೋಡಿಯೇ. 12, 20 ಮಾತ್ರೆಗಳ ಲೆಕ್ಕ ಹಾಗೆ ಕೈಗೆ ಹತ್ತಿತು. ತರಗತಿಯಲ್ಲಿ ಬಾಯಿಬಿಡದ ಗೆಳತಿಯೊಬ್ಬಳು ಚಾಟ್‌ನಲ್ಲಿ ಒಳ್ಳೊಳ್ಳೆಯ ಪ್ರಶ್ನೆ ಕೇಳುತ್ತಿದ್ದಳು. ಆದರೆ ಹಳಗನ್ನಡದ 'ಪುಲಿ' ಬಂದಾಗ ಒಬ್ಬರು ತುಳುವಿನ 'ಪಿಲಿ', ಇನ್ನೊಬ್ಬರು ಮಲಯಾಳಂನ 'ಪುಲಿ' ಅಂತ ಥಟ್ಟನೆ ಹೇಳುವ ಸಂದರ್ಭ, ಎಲ್ಲರ ಮೈಕ್ ಮ್ಯೂಟ್ ಆಗಿರುವಾಗ ಹುಟ್ಟುವುದೇ ಇಲ್ಲ. ಗಡಿನಾಡಿನ ವಿದ್ಯಾರ್ಥಿಯ ದೊಡ್ಡ ಬಂಡವಾಳ ಈ ಬಹುಭಾಷಿಕತೆ. ಆನ್‌ಲೈನಿನಲ್ಲಿ ಮೊದಲು ಸುಮ್ಮನಾಗುವುದೂ ಅದೇ.

ಹಾಗಾಗಿ ಮತ್ತೆ ಮತ್ತೆ ನೋಡಬೇಕಾದ ಛಂದಸ್ಸು, ವ್ಯಾಕರಣ ರೆಕಾರ್ಡಿಂಗ್‌ನಲ್ಲಿರಲಿ. ಪದದ ಅರ್ಥ, ಓದು, ಚರ್ಚೆ ಎದುರುಬದುರು ನಡೆಯಲಿ. ಅದಾಗದಿದ್ದರೆ ಸಣ್ಣ ಗುಂಪಿನಲ್ಲಿ, ಮೈಕ್ ತೆರೆದು ನಡೆಯಲಿ. ಪಾಠ ಹಿಡಿಯದ ಮಗುವನ್ನು ತಂದೆತಾಯಿ ಬೇರೆ ಮಾಧ್ಯಮಕ್ಕೆ ಸೇರಿಸಿದರೆ ಕನ್ನಡ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ. ಮಕ್ಕಳ ಸಂಖ್ಯೆಯ ಮೇಲೆಯೇ ತರಗತಿ ಉಳಿಯುವ ನಮ್ಮಲ್ಲಿ ಅದು ಸಣ್ಣ ನಷ್ಟವಲ್ಲ.