ಎಂಟರ್‌ಪ್ರೈಸ್‌ಗೆ ನಿಜಕ್ಕೂ ವಯಸ್ಸೆಷ್ಟು?

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ‘ಸ್ಟಾರ್ ಟ್ರೆಕ್’ನ ಮೂರನೇ ಸಿನಿಮಾ ನೋಡುತ್ತಿದ್ದೆವು. 1984ರದ್ದು. ಯುದ್ಧದಲ್ಲಿ ಜಖಂಗೊಂಡ ಎಂಟರ್‌ಪ್ರೈಸ್ ಅಂತರಿಕ್ಷ ನೌಕೆ ಭೂಮಿಗೆ ಮರಳುತ್ತದೆ. ಇನ್ನೇನು ರಿಪೇರಿ ಆಗುತ್ತದೆ ಅಂದುಕೊಂಡರೆ, ಅಡ್ಮಿರಲ್ ಮಾರೋ ಬಂದು ಅದನ್ನು ಸೇವೆಯಿಂದಲೇ ತೆಗೆಯುತ್ತೇವೆ ಅನ್ನುತ್ತಾನೆ. ಕಾರಣ? ನೌಕೆಗೆ 20 ವರ್ಷವಾಯಿತಂತೆ, ಅದರ ಕಾಲ ಮುಗಿಯಿತಂತೆ.

‘ನಂಗೂ ಇಪ್ಪತ್ತೇ ಕಣ್ರೋ’ ಅಂದೆ. ಎಲ್ಲರೂ ನಕ್ಕರು. ಹಳೆಯ ಟೀವಿ ಸರಣಿಯನ್ನು ಪೂರ್ತಿ ನೋಡಿ ಮುಗಿಸಿದ್ದ ನನ್ನ ರೂಮ್‌ಮೇಟ್ ಮಾತ್ರ ನಗಲಿಲ್ಲ. ‘ಲೆಕ್ಕ ತಪ್ಪು’ ಅಂದ. ಅಲ್ಲಿಂದ ಶುರುವಾಯಿತು.

ನೌಕೆಯ ಸರ್ವಿಸ್ ರಿಜಿಸ್ಟರ್ ನಮ್ಮ ಕೈಗೆ ಸಿಗುವುದಿಲ್ಲ. ಇರುವುದು ಪಾತ್ರಗಳ ಮಾತು ಮಾತ್ರ. 1966ರಲ್ಲಿ ಪ್ರಸಾರವಾದ ‘ದಿ ಮೆನಾಜರಿ’ ಕಂತಿನಲ್ಲಿ, 13 ವರ್ಷದ ಹಿಂದೆ ಕ್ಯಾಪ್ಟನ್ ಪೈಕ್ ಇದೇ ನೌಕೆಯನ್ನು ನಡೆಸುತ್ತಿದ್ದ ಕಥೆಯನ್ನು ಸ್ಪಾಕ್ ಸಾಕ್ಷಿಯಾಗಿ ತೋರಿಸುತ್ತಾನೆ. ಅದೇ ಸೀಸನ್‌ನ ‘ಸ್ಪೇಸ್ ಸೀಡ್’ ಕಂತಿನಲ್ಲಿ ಖಾನ್ ಎಂಬ ಖಳನಾಯಕ ಸಿಗುತ್ತಾನೆ. ಎರಡನೇ ಸಿನಿಮಾದಲ್ಲಿ ಆತ ಮರಳಿ ಬಂದಾಗ, ಆ ಭೇಟಿಯಾಗಿ 15 ವರ್ಷವಾಗಿರುತ್ತದೆ. ಮೂರನೇ ಸಿನಿಮಾ ಅದರ ಬೆನ್ನಿಗೇ ನಡೆಯುವ ಕಥೆ. ಕೂಡಿಸಿದರೆ 13 ಮತ್ತು 15, ಅಂದರೆ 28. ಪೈಕ್‌ಗಿಂತ ಮೊದಲು ರಾಬರ್ಟ್ ಏಪ್ರಿಲ್ ಎಂಬ ಕ್ಯಾಪ್ಟನ್ ಇದ್ದ ಎನ್ನುತ್ತದೆ 1974ರ ಅನಿಮೇಷನ್ ಕಂತು. ಅವನ ವರ್ಷಗಳು ಬೇರೆ.

‘ಹದಿನೈದು ಅಂತ ಸುಮ್ನೆ ಅಂದಾಜಿಗೆ ಹೇಳಿರಬಹುದಲ್ವಾ?’ ಅಂದೆ. ಸರಿ, ಆ ಸಂಖ್ಯೆಯನ್ನೇ ಬಿಟ್ಟು ನೋಡೋಣ ಅಂದ. ಕರ್ಕ್ ತನ್ನ ಐದು ವರ್ಷದ ಯಾನ ಮುಗಿಸಿದ್ದು 2270ರಲ್ಲಿ ಎಂದು ‘ವಾಯೇಜರ್’ ಸರಣಿಯಲ್ಲಿ ಮಾತು ಬರುತ್ತದೆ. ಹಾಗಾದರೆ ಪೈಕ್‌ನ ಕಥೆ ಎಷ್ಟೇ ತಡವೆಂದರೂ 2257. ಇನ್ನು ಎರಡನೇ ಸಿನಿಮಾದಲ್ಲಿ ಡಾಕ್ಟರ್ ಮೆಕಾಯ್ ಹುಟ್ಟುಹಬ್ಬಕ್ಕೆಂದು ಕೊಡುವ ಬಾಟಲಿಯ ಮೇಲೆ 2283 ಎಂದಿದೆ! ಕಥೆ ಅದಕ್ಕಿಂತ ಹಿಂದೆ ನಡೆದಿರಲು ಸಾಧ್ಯವಿಲ್ಲ. ನೌಕೆಗೆ ವಯಸ್ಸು ಆದಷ್ಟು ಕಡಿಮೆ ಬರುವ ಹಾಗೆ ಲೆಕ್ಕ ಹಾಕಿದರೂ 26. ಇಪ್ಪತ್ತಕ್ಕೆ ಇಳಿಯುವುದೇ ಇಲ್ಲ. ಒಂದು ಹೆಂಡದ ಬಾಟಲಿಯಿಂದ ಇಷ್ಟು ತಿಳಿಯಿತಲ್ಲ ಅಂತ ನನಗೆ ಬಹಳ ಖುಷಿಯಾಯಿತು.

ಖುಷಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅಡ್ಮಿರಲ್ ಆದವನು ಸುಳ್ಳು ಹೇಳುತ್ತಾನಾ? 20 ಹೇಗಾದರೂ ಸರಿ ಬರಲೇಬೇಕು ಅಂತ ಕೂತೆ. ಮೈಕೆಲ್ ಮತ್ತು ಡೆನಿಸ್ ಒಕುಡಾ 1993ರಲ್ಲಿ ತಂದ ಕಾಲಾನುಕ್ರಮಣಿಕೆಯಲ್ಲಿ ನೌಕೆ ಸೇವೆಗೆ ಇಳಿದದ್ದು 2245, ಈ ಸಿನಿಮಾದ ಕಥೆ 2285. ಅಲ್ಲಿಗೆ 40 ವರ್ಷ. ಮೊದಲ ಸಿನಿಮಾಕ್ಕೆ ಮುಂಚೆ 18 ತಿಂಗಳು ಕೂತು ಎಂಜಿನ್ ಸಮೇತ ಹೊಸದಾಗಿ ಕಟ್ಟಿದರಲ್ಲ, ಅಲ್ಲಿಂದ ಎಣಿಸಿದರೆ? ಆ ಕೆಲಸ 2270ರ ನಂತರದ್ದು, ಹದಿನೈದೂ ಆಗುವುದಿಲ್ಲ. ಕೊನೆಗೆ ಕರ್ಕ್ ಅಧಿಕಾರ ವಹಿಸಿಕೊಂಡ 2265ರಿಂದ ಎಣಿಸಿದೆ. ಸರಿಯಾಗಿ 20! ಮೇಜು ಕುಟ್ಟಿ ‘ಸಿಕ್ತು’ ಅಂದೆ.

ರೂಮ್‌ಮೇಟ್ ಕೇಳಿದ: ‘ಅವನು ಹೇಳಿದ್ದು ನೌಕೆಯ ವಯಸ್ಸು. ಕ್ಯಾಪ್ಟನ್ ಸರ್ವಿಸ್ ಯಾಕೆ ಎಣಿಸ್ತಿದೀಯ?’

ಉತ್ತರ ಇರಲಿಲ್ಲ. ನಾಚಿಕೆಯೂ ಆಯಿತು. ಲ್ಯಾಬ್‌ನಲ್ಲಿ ನಾವು ಮಾಡುವುದೂ ಇದನ್ನೇ ತಾನೇ? ಬರಬೇಕಾದ ಉತ್ತರ ಮೊದಲೇ ಗೊತ್ತು; ಗ್ರಾಫ್ ನೆಟ್ಟಗೆ ಬರುವ ಹಾಗೆ ರೀಡಿಂಗ್ ಬರೆಯುತ್ತೇವೆ, ಹೊಂದದ್ದನ್ನು ರಬ್ಬರ್‌ನಿಂದ ಅಳಿಸುತ್ತೇವೆ. ಹೋದ ಸೆಮಿಸ್ಟರ್‌ನ ನನ್ನ ರೆಕಾರ್ಡ್ ಬುಕ್‌ನಲ್ಲಿ ಅಂಥ ಎರಡು ಪ್ರಯೋಗಗಳಿವೆ. ಎರಡಕ್ಕೂ ಪೂರ್ತಿ ಅಂಕ ಬಂದಿದೆ.

ಮಾರೋ ಹೇಳಿದ್ದು ತಪ್ಪು ಅಂತಲೇ ಈಗ ನನ್ನ ಅಭಿಪ್ರಾಯ. ಚಿತ್ರಕಥೆ ಬರೆದವರು ಪ್ರೇಕ್ಷಕರ ಕ್ಯಾಲೆಂಡರ್ ನೋಡಿ 20 ಅಂದಿರಬೇಕು. ಟೀವಿ ಸರಣಿಗೆಂದು ನೌಕೆಯ 11 ಅಡಿ ಉದ್ದದ ಮಾದರಿಯನ್ನು, ಬಹುಪಾಲು ಮರದಲ್ಲಿ, ಕಟ್ಟಿ ಮುಗಿಸಿದ್ದು 1964ರ ಡಿಸೆಂಬರ್‌ನಲ್ಲಿ. 1984ಕ್ಕೆ ಅದಕ್ಕೆ ಇಪ್ಪತ್ತು. ಅಡ್ಮಿರಲ್‌ನ ಲೆಕ್ಕ ಸರಿಹೋಗುವ ನೌಕೆ ಅದೊಂದೇ.

ಅಂದಹಾಗೆ, ಸಿನಿಮಾಗಳಿಗೆ ಬೇರೆಯೇ ಮಾದರಿ ಮಾಡಿಸಿದ್ದರು. ಈ ಮರದ ನೌಕೆಯನ್ನು 1974ರಲ್ಲೇ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟಾಗಿತ್ತು. ವಾಷಿಂಗ್ಟನ್‌ನ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದವರು 2016ರಲ್ಲಿ, ಅದಕ್ಕೆ ಐವತ್ತು ದಾಟಿದ ಮೇಲೆ, ರಿಪೇರಿ ಮಾಡಿ ಮತ್ತೆ ಪ್ರದರ್ಶನಕ್ಕೆ ಇಟ್ಟರು.